ಎರಡು ಗುಳಿಗೆ, ಒಂದು ಬಚ್ಚಿಟ್ಟ ಚೀಟಿ

ಹರಿಹರ, ಹೊನ್ನಾಳಿ, ಜಗಳೂರು, ಹರಪನಹಳ್ಳಿ ಕಡೆಯ ಜನಕ್ಕೆ ದಾವಣಗೆರೆ ಎಂದರೆ ಬೆಣ್ಣೆದೋಸೆಗಿಂತ ಮೊದಲು ದವಾಖಾನೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದಾಗಿನಿಂದ ಈ ಊರಿಗೆ ಆ ಹೆಸರು ಅಂಟಿಕೊಂಡಿದೆ. ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾಸ್ಪತ್ರೆ, ಆಮೇಲೆ ಬಂದ ಎಸ್.ಎಸ್. ವೈದ್ಯಕೀಯ ಕಾಲೇಜು, ಇವುಗಳ ಸುತ್ತ ಹುಟ್ಟಿಕೊಂಡ ಕ್ಲಿನಿಕ್ಕು, ಲ್ಯಾಬು, ಮೆಡಿಕಲ್ ಶಾಪುಗಳಿಗೆ ಲೆಕ್ಕವಿಲ್ಲ. ಹರಿಹರದಿಂದ ಇಲ್ಲಿಗೆ 14 ಕಿಲೋಮೀಟರ್. ಬೆಳಗಿನ ಬಸ್ಸಿಗೆ ಬರುವ ಹೆಂಗಸರ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ರಕ್ತದ ರಿಪೋರ್ಟು, ಮಡಿಕೆ ಬಿದ್ದ ಹಳೇ ಚೀಟಿಗಳು, ಖಾಲಿಯಾದ ಗುಳಿಗೆ ಪಟ್ಟಿ. ಥೈರಾಯ್ಡ್ ನೋಡುವ ಡಾಕ್ಟರ ಮೇಜಿನ ಮೇಲೆ ಆ ಕವರ್ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಕೆಲವರದ್ದು ಮಾತ್ರ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಅವರ ಇನ್ನೊಂದು ಚೀಟಿ ಮನೆಯ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ ಇರುತ್ತದೆ. ಅದು ಫಿಟ್ಸ್ ಚೀಟಿ.

“ಬೇರೆ ಏನಾದ್ರೂ ಗುಳಿಗೆ ತಗೊಳ್ತೀರೇನಮ್ಮಾ?” ಎಂದು ಡಾಕ್ಟರು ಕೇಳುತ್ತಾರೆ. ಪಕ್ಕದಲ್ಲಿ ಅತ್ತೆ ಕುಳಿತಿರುತ್ತಾರೆ. “ಇಲ್ರೀ ಸರ್” ಎಂಬ ಉತ್ತರ ಬರುತ್ತದೆ.

ಆ ಬಚ್ಚಿಟ್ಟ ಚೀಟಿಯಲ್ಲಿ ಬರೆದಿರುವುದು ಬಹಳ ಸಲ ಗಾರ್ಡಿನಾಲ್. ಔಷಧದ ಹೆಸರು ಫಿನೋಬಾರ್ಬಿಟೋನ್, ಬಾರ್ಬಿಟುರೇಟ್ ಎಂಬ ಹಳೆಯ ಮನೆತನದ ಕುಡಿ. 1864ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಬಾರ್ಬಿಟ್ಯೂರಿಕ್ ಆಮ್ಲ ತಯಾರಿಸಿದ. ಅದರಿಂದ ಯಾರಿಗೂ ನಿದ್ದೆ ಬರಲಿಲ್ಲ. 1903ರಲ್ಲಿ ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೆರಿಂಗ್ ಅದರಿಂದಲೇ ವೆರೋನಲ್ ಎಂಬ ನಿದ್ದೆ ಮದ್ದು ಮಾಡಿದರು. ಅಲ್ಲಿಂದ ಅರವತ್ತು ವರ್ಷ ಯುರೋಪು, ಅಮೆರಿಕಗಳು ಬಾರ್ಬಿಟುರೇಟ್ ನುಂಗಿಯೇ ಮಲಗಿದವು. ಎಷ್ಟೋ ಜನ ಏಳಲೇ ಇಲ್ಲ. 1962ರಲ್ಲಿ ಮರ್ಲಿನ್ ಮನ್ರೋ ಸತ್ತದ್ದೂ ಈ ಜಾತಿಯ ಗುಳಿಗೆ ಅತಿಯಾಗಿಯೇ. ಆಮೇಲೆ ವೇಲಿಯಂ ಬಂದು ಈ ಮನೆತನವನ್ನು ಮೂಲೆಗೆ ಸರಿಸಿತು.

ಆದರೂ ಒಂದು ಕುಡಿ ಸಾಯಲಿಲ್ಲ. 1912ರಲ್ಲಿ ಬೇಯರ್ ಕಂಪನಿ ಲ್ಯೂಮಿನಲ್ ಎಂಬ ಹೆಸರಿನಲ್ಲಿ ಫಿನೋಬಾರ್ಬಿಟೋನನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಫ್ರೈಬರ್ಗಿನ ಆಸ್ಪತ್ರೆಯಲ್ಲಿ ಆಲ್‌ಫ್ರೆಡ್ ಹಾಪ್ಟ್‌ಮನ್ ಎಂಬ ಎಳೆಯ ವೈದ್ಯ ವಾರ್ಡಿನ ಮೇಲಿನ ಕೋಣೆಯಲ್ಲಿ ವಾಸವಿದ್ದನಂತೆ. ರಾತ್ರಿಯಿಡೀ ಕೆಳಗೆ ಫಿಟ್ಸ್ ರೋಗಿಗಳ ಗಲಾಟೆಯಿಂದ ಅವನಿಗೆ ನಿದ್ದೆಯಿಲ್ಲ. ಅವರು ಮಲಗಿದರೆ ತಾನೂ ಮಲಗಬಹುದೆಂದು ಅವರಿಗೆಲ್ಲ ಲ್ಯೂಮಿನಲ್ ಕೊಟ್ಟ. ರಾತ್ರಿಯ ಫಿಟ್ಸ್ ನಿಂತಿತು, ಹಗಲಿನದೂ ಕಡಿಮೆಯಾಯಿತು. ವೈದ್ಯಲೋಕ ಹೇಳಿಕೊಳ್ಳುವ ಕಥೆ ಇದು, ಸ್ವಲ್ಪ ಉಪ್ಪುಖಾರ ಹಚ್ಚಿರಲೂಬಹುದು. ಆದರೆ ಅವನ ಪ್ರಬಂಧ ಪ್ರಕಟವಾದದ್ದು 1912ರಲ್ಲೇ. ಅದೇ ವರ್ಷ ಜರ್ಮನ್ ವೈದ್ಯಪತ್ರಿಕೆಯೊಂದರಲ್ಲಿ ಜಪಾನಿನ ಹಕಾರು ಹಾಶಿಮೊಟೊ ನಾಲ್ಕು ಹೆಂಗಸರ ಥೈರಾಯ್ಡ್ ಗ್ರಂಥಿಯ ಬಗ್ಗೆ ಬರೆದ. ದೇಹದ ಕಾವಲು ಪಡೆಯೇ ಗ್ರಂಥಿಯ ಮೇಲೆ ತಿರುಗಿ ಬಿದ್ದು ಅದನ್ನು ಮೆಲ್ಲಗೆ ಒಣಗಿಸುವ ಆ ಕಾಯಿಲೆಗೆ ಇವತ್ತಿಗೂ ಅವನದೇ ಹೆಸರು. ಹಾಪ್ಟ್‌ಮನ್ ಕೊಟ್ಟ ಗುಳಿಗೆ ಮತ್ತು ಹಾಶಿಮೊಟೊ ಕಂಡ ಕಾಯಿಲೆ ನೂರು ವರ್ಷ ದಾಟಿ ಹರಿಹರದ ಒಂದೇ ಮನೆಯ ಒಬ್ಬಳೇ ಹೆಣ್ಣುಮಗಳಲ್ಲಿ ಕೂಡಿಕೊಂಡರೆ ಏನಾಗುತ್ತದೆ ಎಂಬುದೇ ಈ ಬರಹದ ವಿಷಯ.

ಹಾಗೆ ಕೂಡುವುದು ಅಪರೂಪವೇನಲ್ಲ. ಗೌರಿದೇವಿ ಮತ್ತು ನಿಮ್ಹಾನ್ಸಿನ ಸಂಗಡಿಗರು ಬೆಂಗಳೂರಿನ ನಗರ, ಗ್ರಾಮಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ಮನೆಮನೆಗೆ ಹೋಗಿ ನೋಡಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮೂರ್ಛೆರೋಗ ಸಾವಿರಕ್ಕೆ 8.8 ಜನರಿಗೆ. ಹಳ್ಳಿಗಳಲ್ಲಿ 11.9, ನಗರದಲ್ಲಿ 5.7. ಇನ್ನು ಥೈರಾಯ್ಡ್ ಕೊರತೆ: ಬೆಂಗಳೂರು ಸೇರಿ ಎಂಟು ನಗರಗಳ ಅಧ್ಯಯನವೊಂದು 2013ರಲ್ಲಿ ಕೊಟ್ಟ ಅಂಕಿ ಶೇಕಡಾ 10.95. ಅಂದರೆ ಹತ್ತು ವಯಸ್ಕರಲ್ಲಿ ಒಬ್ಬರು, ಅದರಲ್ಲೂ ಹೆಂಗಸರೇ ಹೆಚ್ಚು. 2011ರ ಜನಗಣತಿಯಲ್ಲಿ ದಾವಣಗೆರೆ ನಗರ ನಾಲ್ಕು ಲಕ್ಷ ಮೂವತ್ತೈದು ಸಾವಿರ, ಹರಿಹರ ಎಂಬತ್ಮೂರು ಸಾವಿರ. ನಗರದ ಕಡಿಮೆ ಪ್ರಮಾಣವನ್ನೇ ಹಿಡಿದರೂ ಎರಡೂ ಊರು ಸೇರಿ ಮೂರು ಸಾವಿರ ಹತ್ತಿರ ಫಿಟ್ಸ್ ಇರುವವರು, ಅವರಲ್ಲಿ ಇನ್ನೂರು ಮುನ್ನೂರು ಮಂದಿಗೆ ಥೈರಾಯ್ಡ್ ಕೊರತೆಯೂ ಇರಬೇಕು. ಲೆಕ್ಕ ಒರಟು, ಎಲ್ಲರೂ ಗಾರ್ಡಿನಾಲ್ ನುಂಗುವುದೂ ಇಲ್ಲ. ಬೇರೆ ಊರಿನ ಅಂಕಿಯನ್ನು ನಮ್ಮೂರಿಗೆ ಗುಣಿಸಿದ್ದು ಎಂಬ ಎಚ್ಚರವೂ ಇರಲಿ.

ನೂರು ವರ್ಷ ಹಳೆಯ ಗುಳಿಗೆಯನ್ನು ಇನ್ನೂ ಯಾಕೆ ಬರೆಯುತ್ತಾರೆ ಎಂದು ಕೇಳಬಹುದು. ಅಗ್ಗ ಎಂಬುದು ಮೊದಲ ಉತ್ತರ, ಕೆಲಸ ಮಾಡುತ್ತದೆ ಎಂಬುದು ಎರಡನೆಯದು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಅದು ಇಂದಿಗೂ ಇದೆ. ಎರಡನೇ ಉತ್ತರಕ್ಕೆ ಒಳ್ಳೆಯ ಸಾಕ್ಷಿ ನಮ್ಮ ರಾಜ್ಯದ್ದೇ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ತಂಡದವರು ಯಳಂದೂರಿನಲ್ಲಿ ಮನೆಮನೆ ಸುತ್ತಿ ಮೂರ್ಛೆರೋಗಿಗಳನ್ನು ಹುಡುಕಿದರು, ಹಲವರಿಗೆ ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ಕೊಟ್ಟು ಐದು ವರ್ಷ ಬೆನ್ನುಹತ್ತಿ ನೋಡಿಕೊಂಡರು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಆ ವರದಿಯಂತೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಫಿಟ್ಸ್ ಹತೋಟಿಗೆ ಬಂತು. ಎರಡು ಔಷಧಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆ ಶುರುವಾಗುವ ಮೊದಲು ದೊಡ್ಡ ಫಿಟ್ಸ್ 30 ಸಲದೊಳಗೆ ಬಂದವರು ಅದಕ್ಕಿಂತ ಹೆಚ್ಚು ಸಲ ಬಂದವರಿಗಿಂತ ಚೆನ್ನಾಗಿ ಸುಧಾರಿಸಿಕೊಂಡರು. ದೊಡ್ಡ ಆಸ್ಪತ್ರೆ, ದುಬಾರಿ ಸ್ಕ್ಯಾನು ಇಲ್ಲದ ತಾಲ್ಲೂಕಿನಲ್ಲಿ ಇಷ್ಟನ್ನು ಸಾಧಿಸಿ ತೋರಿಸಿದ್ದು ಸಣ್ಣ ಕೆಲಸವಲ್ಲ. ಗಾರ್ಡಿನಾಲ್ ಬಗ್ಗೆ ಮುಂದೆ ಏನೇ ಹೇಳಿದರೂ ಈ ಮಾತನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಈಗ ಗಾರ್ಡಿನಾಲ್ ಮತ್ತು ಥೈರಾಯ್ಡ್ ಕೊರತೆಗೆ ನುಂಗುವ ಥೈರಾಕ್ಸಿನ್, ಈ ಎರಡು ಗುಳಿಗೆಗಳು ಎಲ್ಲಿ ಡಿಕ್ಕಿ ಹೊಡೆಯುತ್ತವೆ ನೋಡೋಣ. ಮೆದುಳಿನಲ್ಲಿ ಅಥವಾ ಕುತ್ತಿಗೆಯ ಗ್ರಂಥಿಯಲ್ಲಿ ಇರಬೇಕೆಂದು ಅನ್ನಿಸುವುದು ಸಹಜ. ನಿಜವಾದ ಜಾಗ ಯಕೃತ್ತು, ನಾವು ಲಿವರ್ ಎನ್ನುವ ಅಂಗ. ದಾವಣಗೆರೆಯವರಿಗೆ ಮಂಡಕ್ಕಿ ಭಟ್ಟಿ ಗೊತ್ತು. ಹಬ್ಬದ ಹೊತ್ತಿಗೆ ಭತ್ತದ ಲೋಡು ಮೇಲೆ ಲೋಡು ಬಂದರೆ ಮಾಲೀಕ ಆಳುಗಳನ್ನು ಹೆಚ್ಚಿಸುತ್ತಾನೆ. ಆಳುಗಳು ಹೆಚ್ಚಾದ ಮೇಲೆ ಆ ಭತ್ತವಷ್ಟೇ ಅಲ್ಲ, ಮೂಲೆಯಲ್ಲಿ ಬೇರೆಯವರು ಇಟ್ಟುಹೋದ ನಾಲ್ಕು ಚೀಲವೂ ಒಲೆಗೆ ಬೀಳುತ್ತದೆ. ದಿನಾ ಗಾರ್ಡಿನಾಲ್ ಬಂದು ಬೀಳುತ್ತಿದ್ದರೆ ಯಕೃತ್ತು ಅದನ್ನು ಹೊರಹಾಕಲು ತನ್ನ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಆ ಕಿಣ್ವಗಳು ರಕ್ತದಲ್ಲಿ ತಿರುಗುತ್ತಿರುವ ಥೈರಾಕ್ಸಿನ್ ಹಾರ್ಮೋನಿಗೂ ಕೈಹಾಕಿ, ಅದಕ್ಕೊಂದು ಸಕ್ಕರೆ ಅಣು ಅಂಟಿಸಿ, ಪಿತ್ತರಸದ ಜೊತೆ ಕರುಳಿಗೆ ದಬ್ಬುತ್ತವೆ. ಈ ಕೆಲಸಕ್ಕೆ ಚಾಲನೆ ಕೊಡುವುದು ಯಕೃತ್ತಿನ ಕೋಶದೊಳಗಿನ ‘ಕಾರ್’ ಎಂಬ ಗ್ರಾಹಕ. ಅಮೆರಿಕದಲ್ಲಿ ಮಸಾಹಿಕೊ ನೆಗಿಷಿ ತಂಡ 1998ರಲ್ಲಿ ಇದನ್ನು ಹಿಡಿಯಿತು. ಅಂದರೆ ಆ ಗುಳಿಗೆ ಯಕೃತ್ತಿನೊಳಗೆ ನಿಜಕ್ಕೂ ಏನು ಮಾಡುತ್ತದೆಂದು ಗೊತ್ತಾಗುವಷ್ಟರಲ್ಲಿ ಅದಕ್ಕೆ ಎಂಬತ್ತಾರು ವಯಸ್ಸಾಗಿತ್ತು.

ಥೈರಾಕ್ಸಿನ್ ಬೇಗ ಖರ್ಚಾಗುತ್ತದೆ ಎಂಬ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. 1968ರಲ್ಲಿ ನ್ಯೂಯಾರ್ಕಿನ ಜ್ಯಾಕ್ ಓಪನ್‌ಹೈಮರ್ (ಅಣುಬಾಂಬಿನ ಓಪನ್‌ಹೈಮರ್ ಬೇರೆ) ಮತ್ತು ಜೊತೆಗಾರರು ಇಲಿಗಳಿಗೆ ಫಿನೋಬಾರ್ಬಿಟೋನ್ ಕೊಟ್ಟು ನೋಡಿದರು. ಯಕೃತ್ತು ಥೈರಾಕ್ಸಿನನ್ನು ಹೆಚ್ಚು ಹೀರಿಕೊಂಡಿತು, ಹಾರ್ಮೋನಿನ ವಹಿವಾಟು ಜೋರಾಯಿತು, ಗ್ರಂಥಿ ಅದಕ್ಕೆ ತಕ್ಕಂತೆ ದುಡಿಯತೊಡಗಿತು. ಕೆಲವೇ ವರ್ಷಗಳಲ್ಲಿ ಮನುಷ್ಯರಲ್ಲೂ ಇದೇ ದಿಕ್ಕಿನ ಬದಲಾವಣೆ ಕಂಡಿತು. 1983ರಲ್ಲಿ ಫೆನಿಟಾಯಿನ್ ಬಗ್ಗೆ ಬಂದ ವರದಿಯೊಂದು ಇನ್ನಷ್ಟು ಮನೆಹತ್ತಿರದ್ದು: ಥೈರಾಯ್ಡ್ ಗುಳಿಗೆಯ ಮೇಲೆಯೇ ಬದುಕುತ್ತಿದ್ದವರಿಗೆ ಫಿಟ್ಸ್ ಗುಳಿಗೆ ಸೇರಿಸಿದಾಗ ಮೊದಲಿನ ಡೋಸು ಸಾಲದಾಯಿತು. ಫೆನಿಟಾಯಿನ್, ಕಾರ್ಬಮಜೆಪಿನ್, ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಎಲ್ಲವೂ ಯಕೃತ್ತಿನಲ್ಲಿ ಇದೇ ಚಾಳಿಯವು.

ಇಲ್ಲೊಂದು ಸೂಕ್ಷ್ಮವಿದೆ, ಅದು ತಿಳಿಯದಿದ್ದರೆ ಗಾರ್ಡಿನಾಲ್ ನುಂಗುವ ಎಲ್ಲರೂ ಸುಮ್ಮನೆ ಹೆದರಿಕೊಳ್ಳುತ್ತಾರೆ. ಗ್ರಂಥಿ ಗಟ್ಟಿಯಾಗಿರುವವರಲ್ಲಿ ಈ ಖರ್ಚು ತೊಂದರೆ ಕೊಡುವುದು ಕಡಿಮೆ. ಹಾರ್ಮೋನ್ ಇಳಿದರೆ ಮೆದುಳಿನ ಬುಡದ ಪಿಟ್ಯುಟರಿಗೆ ಅದು ಗೊತ್ತಾಗುತ್ತದೆ, ಟಿ.ಎಸ್.ಎಚ್. ಕಳಿಸಿ ‘ಇನ್ನಷ್ಟು ಮಾಡು’ ಎನ್ನುತ್ತದೆ, ಗ್ರಂಥಿ ಮಾಡಿಕೊಡುತ್ತದೆ. ಲ್ಯಾಬಿನ ಹಾಳೆಯಲ್ಲಿ ಟಿ4 (ಅಂದರೆ ಥೈರಾಕ್ಸಿನ್) ಸ್ವಲ್ಪ ಕೆಳಗೆ ಕಂಡರೂ ಟಿ.ಎಸ್.ಎಚ್. ಬಹಳ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆ ಒಂದು ಟಿ4 ಅಂಕಿ ನೋಡಿ ಥೈರಾಯ್ಡ್ ಗುಳಿಗೆ ಶುರುಮಾಡುವುದೂ ತಪ್ಪು. ತೊಂದರೆ ಇರುವುದು ಗ್ರಂಥಿ ಒಣಗಿರುವವರಿಗೆ, ಆಪರೇಷನ್ನಿನಲ್ಲಿ ಅದನ್ನು ತೆಗೆಸಿಕೊಂಡವರಿಗೆ. ‘ಇನ್ನಷ್ಟು ಮಾಡು’ ಎಂದು ಎಷ್ಟು ಕೂಗಿದರೂ ಅಲ್ಲಿ ಮಾಡುವವರೇ ಇಲ್ಲ. ಅವರ ಹಾರ್ಮೋನೆಲ್ಲ ಬೆಳಗ್ಗೆ ನುಂಗುವ ಗುಳಿಗೆಯಿಂದ ಬಂದದ್ದು, ಅಳತೆ ಮಾಡಿ ಕೊಟ್ಟದ್ದು. ಯಕೃತ್ತು ಅದರಲ್ಲಿ ಹೆಚ್ಚು ಪಾಲು ಹೊರಹಾಕಿದರೆ ಉಳಿದದ್ದು ಸಾಲುವುದಿಲ್ಲ, ಟಿ.ಎಸ್.ಎಚ್. ಏರುತ್ತಲೇ ಹೋಗುತ್ತದೆ.

ಇಲಿಗಳ ವಿಷಯ ಪೂರ್ತಿ ಹೇಳಿಬಿಡುತ್ತೇನೆ, ಯಾಕೆಂದರೆ ಫೋನಿನಲ್ಲಿ ಯಾರೋ ಓದಿ ಹೆದರಿಸುತ್ತಾರೆ. ತಿಂಗಳುಗಟ್ಟಲೆ ಫಿನೋಬಾರ್ಬಿಟೋನ್ ತಿನ್ನಿಸಿದ ಇಲಿಗಳಲ್ಲಿ ಥೈರಾಯ್ಡ್ ಊದಿಕೊಳ್ಳುತ್ತದೆ, ಕೊನೆಗೆ ಗೆಡ್ಡೆಯೂ ಆಗುತ್ತದೆ. ನಿಜ. ಆದರೆ ನಮ್ಮ ರಕ್ತದಲ್ಲಿ ಥೈರಾಕ್ಸಿನನ್ನು ಬಿಗಿಯಾಗಿ ಹಿಡಿದುಕೊಳ್ಳುವ ಒಂದು ಪ್ರೋಟೀನ್ ಇದೆ, ದೊಡ್ಡ ಇಲಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮಲ್ಲಿ ಹಾರ್ಮೋನಿನ ಅರ್ಧ ಭಾಗ ಖರ್ಚಾಗಲು ಸುಮಾರು ಏಳು ದಿನ ಬೇಕು, ಇಲಿಯಲ್ಲಿ ಒಂದು ದಿನವೂ ಬೇಡ. ಅಷ್ಟು ಕಡಿಮೆ ದಾಸ್ತಾನಿನ ಮೇಲೆ ಯಕೃತ್ತು ದಾಳಿ ಮಾಡಿದರೆ ಗ್ರಂಥಿ ಹಗಲುರಾತ್ರಿ ದುಡಿಯಬೇಕಾಗುತ್ತದೆ, ಅದರ ಫಲವೇ ಗೆಡ್ಡೆ. ಹೊಸ ರಾಸಾಯನಿಕಗಳನ್ನು ಪರೀಕ್ಷಿಸುವ ಸಂಸ್ಥೆಗಳು ಇಲಿಯ ಥೈರಾಯ್ಡ್ ಗೆಡ್ಡೆಯನ್ನು ಮನುಷ್ಯನಿಗೆ ನೇರವಾಗಿ ಹೊಂದಿಸದಿರುವುದಕ್ಕೆ ಇದೇ ಕಾರಣ.

ಡಿಕ್ಕಿ ಎದುರು ದಿಕ್ಕಿನಿಂದಲೂ ಆಗುತ್ತದೆ. ಥೈರಾಯ್ಡ್ ತೀರಾ ಇಳಿದ ದೇಹದಲ್ಲಿ ಎಲ್ಲವೂ ನಿಧಾನ: ನಾಡಿ, ಕರುಳು, ಉಸಿರು. ಯಕೃತ್ತು ಔಷಧ ಕರಗಿಸುವುದೂ ನಿಧಾನ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಮೆದುಳು ‘ಉಸಿರೆಳೆ’ ಎಂದು ಎಬ್ಬಿಸಬೇಕು, ಆ ಎಚ್ಚರವೂ ಮಂದವಾಗಿರುತ್ತದೆ. ಅಂಥವರಿಗೆ ನಿದ್ದೆ ಗುಳಿಗೆ ಕೊಟ್ಟರೆ ಬೇರೆಯವರಿಗೆ ಒಂದು ರಾತ್ರಿ ಇರುವ ಮಂಪರು ಅವರಿಗೆ ಮುಗಿಯುವುದೇ ಇಲ್ಲ. ಮೈ ತಣ್ಣಗಾಗಿ, ಮುಖ ಊದಿ, ಪ್ರಜ್ಞೆ ತಪ್ಪುವ ಸ್ಥಿತಿಗೆ ಮಿಕ್ಸೆಡಿಮಾ ಕೋಮಾ ಎನ್ನುತ್ತಾರೆ. ಅದಕ್ಕೆ ತಳ್ಳುವವುಗಳ ಪಟ್ಟಿಯಲ್ಲಿ ಚಳಿ, ಸೋಂಕುಗಳ ಜೊತೆ ನಿದ್ದೆ ಮದ್ದು, ಮಂಪರಿನ ಮದ್ದುಗಳ ಹೆಸರು ಇದ್ದೇ ಇರುತ್ತದೆ. ಬಾರ್ಬಿಟುರೇಟ್ ಮನೆಮಾತಾಗಿದ್ದ ಕಾಲದಲ್ಲಿ, ರಕ್ತದಲ್ಲಿ ಹಾರ್ಮೋನ್ ಅಳೆಯುವ ಸೌಲಭ್ಯವಿಲ್ಲದಾಗ, ಮಂಕಾಗಿ ಕುಳಿತ ವಯಸ್ಸಾದ ಹೆಂಗಸಿಗೆ ‘ನರ ದೌರ್ಬಲ್ಯ’ ಎಂದು ಇದೇ ಗುಳಿಗೆ ಕೊಡುತ್ತಿದ್ದರು. ಆಪರೇಷನ್ನಿಗೆ ಮೊದಲು ಅರಿವಳಿಕೆ ಡಾಕ್ಟರು ಥೈರಾಯ್ಡ್ ರಿಪೋರ್ಟ್ ಕೇಳಿದರೆ ಬಿಲ್ಲು ಏರಿಸಲು ಎಂದು ಗೊಣಗುವವರನ್ನು ಕಂಡಿದ್ದೇನೆ. ಗೊಣಗಬೇಡಿ, ಅದಕ್ಕೆ ಕಾರಣವಿದೆ. ಇನ್ನೊಂದು ನಂಟೂ ಉಂಟು: ಬಾರ್ಬಿಟುರೇಟ್ ಜಾತಿಯದೇ ಆದ, ಗಂಧಕ ಸೇರಿದ ಥಯೋಬಾರ್ಬಿಟಾಲನ್ನು 1945ರಲ್ಲಿ ಅಮೆರಿಕದ ಎಡ್ವಿನ್ ಆಸ್ಟ್‌ವುಡ್ ಥೈರಾಯ್ಡ್ ಅತಿಯಾದವರಿಗೆ ಗ್ರಂಥಿ ಅಡಗಿಸಲೆಂದೇ ಕೊಟ್ಟು ನೋಡಿದ್ದರು. ಈ ಮನೆತನಕ್ಕೂ ಥೈರಾಯ್ಡಿಗೂ ನಂಟು ಒಂದೇ ಬಗೆಯದಲ್ಲ.

ಇಷ್ಟೆಲ್ಲ ಗೊತ್ತಿದ್ದೂ ದಿನನಿತ್ಯ ಎಡವುವುದು ಒಂದು ಸರಳ ಜಾಗದಲ್ಲಿ. ಗಾರ್ಡಿನಾಲಿನ ಅಡ್ಡಪರಿಣಾಮ ಯಾವುವು? ತೂಕಡಿಕೆ, ಮರೆವು, ಮಂಕು, ಕೆಲಸದಲ್ಲಿ ನಿಧಾನ. ಥೈರಾಯ್ಡ್ ಕೊರತೆಯ ಲಕ್ಷಣ ಯಾವುವು? ತೂಕಡಿಕೆ, ಮರೆವು, ಮಂಕು, ಕೆಲಸದಲ್ಲಿ ನಿಧಾನ. “ಫಿಟ್ಸ್ ಗುಳಿಗೆ ತಗೊಂಡ್ರೆ ಹಂಗೇ ಆಗ್ತೈತೆ ಬಿಡು” ಎಂದು ಮನೆಯವರು ಹೇಳಿಬಿಡುತ್ತಾರೆ. ಥೈರಾಯ್ಡ್ ಇಳಿದದ್ದು ವರ್ಷವಾದರೂ ಯಾರಿಗೂ ಗೊತ್ತಾಗುವುದಿಲ್ಲ. ಮಲಬದ್ಧತೆ, ಚಳಿ ತಡೆಯದಿರುವುದು, ಮುಟ್ಟಿನಲ್ಲಿ ಅತಿ ಸ್ರಾವ, ದಪ್ಪಗಾದ ದನಿ, ಒಣಗಿದ ಚರ್ಮ ಇದ್ದರೆ ಥೈರಾಯ್ಡ್ ಕಡೆ ಹೆಚ್ಚು ಅನುಮಾನಿಸಬೇಕು. ಆದರೂ ಲಕ್ಷಣಗಳನ್ನು ನೆಚ್ಚಿ ಕೂರುವುದಕ್ಕಿಂತ ರಕ್ತ ಕೊಡುವುದು ವಾಸಿ.

ಮತ್ತೆ ಬೀರುವಿನ ಚೀಟಿಗೆ ಬರೋಣ. ಅದನ್ನು ಬಚ್ಚಿಡುವ ಹೆಣ್ಣುಮಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಫಿಟ್ಸ್ ಬಂದು ಬಿದ್ದವರ ಕೈಗೆ ಇನ್ನೂ ಬೀಗದಕೈ ಗೊಂಚಲು ತುರುಕುವ ಊರು ನಮ್ಮದು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿಯಲ್ಲಿ ಮೂರ್ಛೆರೋಗವನ್ನು ಬುದ್ಧಿಭ್ರಮಣೆಯ ಪಕ್ಕದಲ್ಲೇ ಕೂರಿಸಿ, ಮದುವೆ ರದ್ದು ಮಾಡಿಸಬಹುದಾದ ಕಾರಣವೆಂದು ಬರೆದಿದ್ದರು. ಆ ಪದವನ್ನು ತೆಗೆದದ್ದು 1999ರಲ್ಲಿ. ಕಾನೂನಿನಿಂದ ಹೋದದ್ದು ಗಂಡಿನ ಕಡೆಯವರ ತಲೆಯಿಂದ ಹೋಗಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ “ಥೈರಾಯ್ಡ್ ಐತೆ” ಎಂದರೆ ಈಗ ಯಾರೂ ಎದ್ದು ಹೋಗುವುದಿಲ್ಲ, ಅವರ ಮನೆಯಲ್ಲೂ ಇಬ್ಬರಿಗೆ ಇರುತ್ತದೆ. “ಫಿಟ್ಸ್ ಬರ್ತಿತ್ತು” ಎಂದರೆ ತಟ್ಟೆಯ ಉಪ್ಪಿಟ್ಟು ಅಲ್ಲೇ ಉಳಿಯುತ್ತದೆ. ಹಾಗಾಗಿ ಒಂದು ಗುಳಿಗೆ ಅಡುಗೆಮನೆಯ ಗೂಡಿನಲ್ಲಿ ಎಲ್ಲರ ಕಣ್ಣೆದುರಿಗೆ ಇರುತ್ತದೆ, ಇನ್ನೊಂದನ್ನು ಎಲ್ಲರೂ ಮಲಗಿದ ಮೇಲೆ ನುಂಗಬೇಕು. ಥೈರಾಯ್ಡ್ ಡಾಕ್ಟರು ಟಿ.ಎಸ್.ಎಚ್. ಯಾಕೆ ಇಳಿಯುತ್ತಿಲ್ಲವೆಂದು ತಲೆ ಕೆರೆದುಕೊಂಡು, “ಸರಿಯಾಗಿ ಖಾಲಿ ಹೊಟ್ಟೆಗೆ ತಗೊಳ್ತಾ ಇಲ್ಲ ನೀವು” ಎಂದು ಗದರುತ್ತಾರೆ. ಆಕೆ ಸರಿಯಾಗಿಯೇ ತಗೊಳ್ಳುತ್ತಿರುತ್ತಾಳೆ.

ಅಪಾಯ ಹೆಚ್ಚುವುದು ಬದಲಾವಣೆಯ ಹೊತ್ತಿನಲ್ಲಿ. ಮದುವೆ ಗೊತ್ತಾದ ಕೂಡಲೇ ಗಾರ್ಡಿನಾಲ್ ತಟ್ಟನೆ ಬಿಡಿಸುವ ತಾಯಂದಿರಿದ್ದಾರೆ. ಬಾರ್ಬಿಟುರೇಟನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ನಿಲ್ಲದೆ ಬರಬಹುದು, ಅದು ಜೀವಕ್ಕೇ ಕುತ್ತು. ಅಲ್ಲಿಂದ ಬಚಾವಾದರೂ ಎರಡನೇ ಪೆಟ್ಟು ಕಾದಿರುತ್ತದೆ. ಗಾರ್ಡಿನಾಲ್ ಇಲ್ಲವಾದ ಮೇಲೆ ಕೆಲವು ವಾರಗಳಲ್ಲಿ ಯಕೃತ್ತು ತಣ್ಣಗಾಗುತ್ತದೆ. ಅದರ ಹಾವಳಿಗೆಂದು ಏರಿಸಿಟ್ಟ ಥೈರಾಕ್ಸಿನ್ ಡೋಸು ಈಗ ಅತಿಯಾಗಿ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ. ನಿದ್ದೆಗೆಡುವುದು ಫಿಟ್ಸಿಗೆ ಕರೆಯೋಲೆ. ಹರಿಹರ, ಕುಮಾರಪಟ್ಟಣದ ಕಾರ್ಖಾನೆಗಳಲ್ಲಿ ರಾತ್ರಿ ಶಿಫ್ಟ್ ಮಾಡುವ ಗಂಡಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನರದ ಡಾಕ್ಟರುಗಳು ಹೊಸದಾಗಿ ಫಿಟ್ಸ್ ಶುರುವಾದವರಿಗೆ ಬರೆಯುವುದು ಹೆಚ್ಚಾಗಿ ಲೆವೆಟಿರಾಸಿಟಮ್. ಅದು ಯಕೃತ್ತಿನ ತಂಟೆಗೆ ಹೋಗುವುದಿಲ್ಲ, ಥೈರಾಯ್ಡ್ ಲೆಕ್ಕ ಕೆಡಿಸುವುದಿಲ್ಲ. ಬೆಲೆ ಹೆಚ್ಚು. ಹತ್ತು ವರ್ಷದಿಂದ ಗಾರ್ಡಿನಾಲಿನಲ್ಲಿ ಒಂದೂ ಫಿಟ್ಸ್ ಬಾರದೆ ಇರುವವರು ಥೈರಾಯ್ಡ್ ಹೆಸರಿನಲ್ಲಿ ಅದನ್ನು ಬದಲಾಯಿಸಿಕೊಳ್ಳಬೇಕೆಂದೂ ಇಲ್ಲ. ಏರಿಸಬೇಕಾದದ್ದು ಥೈರಾಕ್ಸಿನ್ ಡೋಸು, ಅದೂ ಡಾಕ್ಟರು ರಿಪೋರ್ಟ್ ನೋಡಿ. ಹಾಗೆಯೇ ಇನ್ನೊಂದು ಮಾತು, ಲೇಡಿ ಡಾಕ್ಟರ ಮುಂದೆಯೂ ಚೀಟಿ ಬಚ್ಚಿಡುವವರಿಗಾಗಿ: ಗಾರ್ಡಿನಾಲ್ ನುಂಗುವವರಲ್ಲಿ ಮಾಲಾ-ಡಿಯಂಥ ಗರ್ಭನಿರೋಧಕ ಗುಳಿಗೆಯನ್ನೂ ಅದೇ ಕಿಣ್ವಗಳು ಬೇಗ ಕರಗಿಸಿಬಿಡುತ್ತವೆ, ಅದನ್ನು ನೆಚ್ಚಿಕೊಂಡಿರಲಾಗದು. ಬಸುರಿಯಾದರೆ ಥೈರಾಕ್ಸಿನ್ ಬೇಕಾಗುವ ಪ್ರಮಾಣ ತಾನಾಗಿಯೇ ಏರುತ್ತದೆ, ಗಾರ್ಡಿನಾಲಿನ ಖರ್ಚೂ ಅದಕ್ಕೆ ಸೇರುತ್ತದೆ. ಮೂವರು ಡಾಕ್ಟರೂ ಮೂರೂ ಚೀಟಿ ನೋಡಿರಬೇಕು. ಅತ್ತೆಯ ಎದುರು ಹೇಳಲಾಗದಿದ್ದರೆ, ತೂಕ ನೋಡುವ, ಬಿ.ಪಿ. ನೋಡುವ ನೆಪದಲ್ಲಿ ಸಿಸ್ಟರ್ ಒಳಗೆ ಕರೆದಾಗ ಹೇಳಬಹುದು. ಜಾಣ ಡಾಕ್ಟರು ಆ ನೆಪವನ್ನು ತಾವೇ ಹುಡುಕಿಕೊಡುತ್ತಾರೆ.

ಪರೀಕ್ಷೆಯ ಲೆಕ್ಕ ಹೀಗೆ: ಗಾರ್ಡಿನಾಲ್ ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಸುಮಾರು ಮೂರು ವಾರ, ಥೈರಾಕ್ಸಿನ್ ಹೊಸ ಮಟ್ಟಕ್ಕೆ ಬಂದು ಟಿ.ಎಸ್.ಎಚ್. ಅದನ್ನು ಅನುಸರಿಸಲು ಆರರಿಂದ ಎಂಟು ವಾರ. ಆದ್ದರಿಂದ ಫಿಟ್ಸ್ ಗುಳಿಗೆ ಶುರುವಾದ, ಡೋಸು ಬದಲಾದ ಅಥವಾ ನಿಧಾನವಾಗಿ ನಿಂತ ಎರಡು ತಿಂಗಳಿಗೆ ಒಮ್ಮೆ ಟಿ.ಎಸ್.ಎಚ್. ಮಾಡಿಸಬೇಕು. ಮರುವಾರವೇ ಮಾಡಿಸಿದರೆ ಆ ಅಂಕಿ ಹಳೇ ಕಥೆಯನ್ನೇ ಹೇಳುತ್ತದೆ, ದುಡ್ಡು ದಂಡ. ಏರಿದ್ದರೆ ಡಾಕ್ಟರು ಸಾಮಾನ್ಯವಾಗಿ ಥೈರಾಕ್ಸಿನನ್ನು 25 ಮೈಕ್ರೋಗ್ರಾಂ ಹೆಚ್ಚಿಸಿ ಮತ್ತೆ ಅಷ್ಟೇ ವಾರ ಕಾಯಲು ಹೇಳುತ್ತಾರೆ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆಗಳನ್ನು ಥೈರಾಕ್ಸಿನ್‌ನಿಂದ ನಾಲ್ಕು ತಾಸು ದೂರವಿಡಬೇಕು. ಮುಂದಿನ ರಿಪೋರ್ಟಿನಲ್ಲಿ ಟಿ.ಎಸ್.ಎಚ್. 4ರ ಒಳಗೆ ಬಂದಿದ್ದರೆ ಎರಡೂ ಹಾಗೆಯೇ ಮುಂದುವರಿಯುತ್ತವೆ: ಥೈರಾಯ್ಡಿನದು ಬೆಳಗ್ಗೆ ಚಹಾಕ್ಕೆ ಅರ್ಧ ತಾಸು ಮೊದಲು, ಗಾರ್ಡಿನಾಲ್ ರಾತ್ರಿ ಮಲಗುವಾಗ.